ಇಂದ್ರಾಬಾಯಿಯ ಮಾಳಿಗೆಯ ಮೇಲಿನ ಗಾಳಿ

ಎಲ್ಲದಕ್ಕೂ ಮೂಲ ಒಂದು ಮೊರದಷ್ಟು ಸಂಡಿಗೆ.

ಹೋದ ಬೇಸಿಗೆಯಲ್ಲಿ ಇಂದ್ರಾಬಾಯಿ ತನ್ನ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಒಣಹಾಕಿದ್ದಳು. ಆ ಮಾಳಿಗೆಯ ಮೇಲಿಂದ ಹಾದುಹೋಗಿದ್ದ ಪಕ್ಕದ ಮನೆಯ ಬಸವಂತನ ಟಿವಿ ವಾಯರು, ಬೀಳಲು ಇಡೀ ಇಳಕಲ್ಲಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ಹರಿದು ಸಂಡಿಗೆಯ ನಟ್ಟನಡುವೆ ಬಿತ್ತು. ಅದರ ಮೇಲೆ ಕಾಗೆಗಳು ವರ್ಷಗಟ್ಟಲೆ ಕೂಡಿಟ್ಟದ್ದೂ ಜೊತೆಗೇ ಬಿತ್ತು.

"ಇನ್ನ ನನ್ನ ಮಾಳಗಿ ಮ್ಯಾಲೆ ಒಂದು ನೂಲಿನ ಎಳಿ ಸೈತ ಹಾಯಬಾರದು!" ಎಂದು ಇಂದ್ರಾಬಾಯಿ ಓಣಿಗೆಲ್ಲ ಕೇಳುವಂತೆ ಸಾರಿದಳು. ನೇಕಾರರ ಓಣಿಯಲ್ಲಿ ನೂಲಿನ ಎಳೆಯ ಹೆಸರೆತ್ತಿ ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಎರಡು ಮನೆಗಳಿಗೂ ಮಾತಿಲ್ಲ.

ಬಸವಂತ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಟಿವಿ ಇಲ್ಲದೆ ಅವನಿಗೇನೂ ನಷ್ಟವಾಗಲಿಲ್ಲ. ಆದರೆ ಅವನ ಹೆಂಡತಿ ನಾಗರತ್ನಾ, ಅತ್ತೆ ನೇಯ್ದ ಸೀರೆಗಳನ್ನು ಮೊಬೈಲಿನಲ್ಲಿ ತೋರಿಸಿ ಮಾರಲು ಶುರುಮಾಡಿದಳು. ದಸರೆ ಹತ್ತಿರ ಬಂದಿತ್ತು. "ಭಾನುವಾರ ಸಂಜೆ ನಾಲ್ಕಕ್ಕೆ ಇಳಕಲ್ ಸೀರೆಗೆ ಸೆರಗು ಕೂಡಿಸುವುದನ್ನು ನೇರವಾಗಿ ನೋಡಿರಿ" ಎಂದು ವಾರದಿಂದ ಊರೂರಿಗೆ ಸುದ್ದಿ ಕಳಿಸಿದ್ದಳು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆ ಸಿಕ್ಕಿಸಿ ಕೊಂಡಿ ಹಾಕುವ ಆ ಕೆಲಸ ಸೀರೆಗೊಮ್ಮೆ ಮಾತ್ರ. ಬಸವಂತನ ತಾಯಿ ರತ್ನಾಬಾಯಿ ಹುಡುಗಿಯಾಗಿದ್ದಾಗಿನಿಂದ ಅದನ್ನು ಮಾಡುತ್ತ ಬಂದಿದ್ದಳು. ಆ ಸೀರೆಗಳ ಮೇಲೆ ಇಷ್ಟು ವರ್ಷ ಅಂಗಡಿಯವರ ಹೆಸರಿತ್ತೇ ಹೊರತು ಆಕೆಯ ಕೈಯನ್ನು ಯಾರೂ ನೋಡಿರಲಿಲ್ಲ. ನೋಡಲಿ ಎಂದು ಬಸವಂತನಿಗೂ ತುಂಬಾ ಆಸೆಯಿತ್ತು.

ತೊಡಕಿದ್ದದ್ದು ಒಂದೇ. ಮಗ್ಗ ನೆಲದ ಕುಣಿಯಲ್ಲಿತ್ತು, ಸುತ್ತಲೂ ಮೊಳದಗಲದ ಕಲ್ಲಿನ ಗೋಡೆ. ಆ ಕೋಣೆಯೊಳಗೆ ಮೊಬೈಲಿನ ನೆಟ್‌ವರ್ಕ್ ಇಣುಕಿ ನೋಡಿ ಹಿಂದಿರುಗುತ್ತಿತ್ತು. ಬಸವಂತನ ಗೆಳೆಯ ಆನಂದನ ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇತ್ತು, ಅವನು ಕೊಡಲೂ ಸಿದ್ಧನಿದ್ದ. ಆದರೆ ಅವನ ಮನೆಗೂ ಇವನ ಮನೆಗೂ ನಡುವೆ ಇಂದ್ರಾಬಾಯಿಯ ಮಾಳಿಗೆ.

"ಹೋಗಿ ಒಂದು ಮಾತು ಕೇಳ್ರಿ. ವಾಯರ್ ಎಳಕೋ ಅಂದ್ರೂ ಅಂದಾರು" ಎಂದಳು ನಾಗರತ್ನಾ.

"ಆಕಿ ಕಡೆ? ನಾನು? ಸಾಧ್ಯ ಇಲ್ಲ" ಎಂದ ಬಸವಂತ. "ಮಾಳಗಿ ಆಕೀದು ಇರಬಹುದು. ಅದರ ಮ್ಯಾಲಿನ ಗಾಳಿ ಆಕೀದಲ್ಲ."

ಹೀಗೆ ಹೇಳಿ ಅವನು ಬಾಗಲಕೋಟೆಯಿಂದ ಎರಡು ಬಿಳಿ ಡಬ್ಬಿಗಳನ್ನು ತಂದ. ಒಂದು ಆನಂದನ ಮಾಳಿಗೆಗೆ, ಇನ್ನೊಂದು ತನ್ನ ಮಾಳಿಗೆಗೆ. ಎರಡೂ ಮುಖಾಮುಖಿ ನಿಂತರೆ ವಾಯರಿಲ್ಲದೆ ಇಂಟರ್ನೆಟ್ ಆಚೆಯಿಂದ ಈಚೆಗೆ ದಾಟುತ್ತದೆ. ಭಾನುವಾರ ಬೆಳಿಗ್ಗೆ ಎದ್ದವನೇ ಕಬ್ಬಿಣದ ಪೈಪಿಗೆ ಡಬ್ಬಿ ಬಿಗಿದ. ಹಸಿರು ದೀಪ ಹತ್ತಿತು. ಮಗ್ಗದ ಕೋಣೆಯಲ್ಲಿ ನಾಗರತ್ನಾಳ ಮೊಬೈಲು ಸರಾಗವಾಗಿ ಓಡಿತು. ಬಸವಂತ ಮಾಳಿಗೆಯ ಅಂಚಿಗೆ ಬಂದು, ಅಂಗಳದಲ್ಲಿದ್ದ ಇಂದ್ರಾಬಾಯಿಗೆ ಕಾಣುವಂತೆ, ಒಮ್ಮೆ ಮೀಸೆ ನೇವರಿಸಿಕೊಂಡ. ಚಹಾ ಕುಡಿದು ಮೇಲೆ ಬರುವಷ್ಟರಲ್ಲಿ ದೀಪ ಕೆಂಪಾಗಿತ್ತು.

ಮಾಳಿಗೆಯ ಮೇಲೆ ಗಂಡಸೊಬ್ಬ ತಲೆ ಕೆರೆದುಕೊಳ್ಳುತ್ತ ನಿಂತದ್ದನ್ನು ಕಂಡು ಸುಮ್ಮನಿರುವ ಓಣಿ ಅದಲ್ಲ. ಮೊದಲು ಬಂದವರು ಖಾಸಿಂಸಾಬರು. ಮನೆಮನೆಯ ಮೇಲೂ ಆಂಟೆನಾ ಇದ್ದ ಕಾಲದಲ್ಲಿ ಅವರು ಟಿವಿ ರಿಪೇರಿ ಮಾಡುತ್ತಿದ್ದರು. ಆ ಕಾಲ ಮತ್ತೆ ಬಂದೀತೆಂಬ ನಂಬಿಕೆಯನ್ನು ಅವರು ಬಿಟ್ಟಿರಲಿಲ್ಲ.

"ಯಂತ್ರ ಯಾವುದರ ಇರಲಿ, ತಿರುಗಸಬೇಕು ಬೇಟಾ. ತಿರುಗಸಲಿಲ್ಲಂದ್ರ ಬರಂಗಿಲ್ಲ" ಎಂದು ಅವರು ಕೂಡಲೇ ವ್ಯವಸ್ಥೆ ಮಾಡಿದರು. ಬಸವಂತ ಮೇಲೆ ಡಬ್ಬಿ ತಿರುಗಿಸಬೇಕು, ತಾವು ಮೆಟ್ಟಿಲ ನಡುವೆ ನಿಲ್ಲಬೇಕು, ನಾಗರತ್ನಾ ಕೆಳಗೆ ಮೊಬೈಲು ನೋಡಬೇಕು.

"ಬಂತೇನು?" ಎಂದು ಬಸವಂತ ಕೂಗಿದ.

"ಬಂತೇನು?" ಎಂದು ಖಾಸಿಂಸಾಬರು ಕೆಳಗೆ ದಾಟಿಸಿದರು.

"ಇಲ್ರೀ" ಎಂಬ ಉತ್ತರ ಅದೇ ದಾರಿಯಲ್ಲಿ ಮೇಲೆ ಬರುವಷ್ಟರಲ್ಲಿ ಬಸವಂತ ಡಬ್ಬಿಯನ್ನು ಇನ್ನಷ್ಟು ತಿರುಗಿಸಿರುತ್ತಿದ್ದ. ಹಾಗಾಗಿ ಯಾವ ಉತ್ತರ ಯಾವ ದಿಕ್ಕಿನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆಚೆ ಮಾಳಿಗೆಯಿಂದ ಆನಂದ "ನಾನೂ ತಿರುಗಸಲೇನಲೇ?" ಎಂದು ಕೇಳಿ, ಯಾರೂ ಬೇಡವೆನ್ನುವ ಮುಂಚೆಯೇ ತಿರುಗಿಸಿದ.

ಒಮ್ಮೆ ಮಾತ್ರ "ಬಂತು! ಜೋರ ಬರಾಕತ್ತೈತಿ!" ಎಂಬ ಸ್ಪಷ್ಟ ದನಿ ಕೇಳಿತು. ಬಸವಂತ ಜೀವ ಬಿಗಿಹಿಡಿದು ಬೋಲ್ಟ್ ಬಿಗಿದ. ಅದು ಹಿಂದಿನ ಮನೆಯ ರಂಗವ್ವ ನಳದ ನೀರಿನ ಬಗ್ಗೆ ಯಾರಿಗೋ ಹೇಳಿದ ಮಾತಾಗಿತ್ತು.

ಅಂದು ನಳ ಬರುವ ದಿನ. ಎಂಟು ದಿನಕ್ಕೊಮ್ಮೆ ಬರುವ ನೀರು ಬೆಳಿಗ್ಗೆಯೇ ಬಂದಿತ್ತು. ಇಂದ್ರಾಬಾಯಿಯ ಮಾಳಿಗೆಯ ಮೇಲೆ, ಇಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದ ಕರಿ ಟಾಕಿ ಗಂಟಲ ಮಟ ತುಂಬಿ ಸುರಿಯುತ್ತಿತ್ತು. ರಂಗವ್ವ ಒಂದು ನಿಂಬೆಹಣ್ಣು ತಂದು ಪೈಪಿಗೆ ಕಟ್ಟಿದಳು. ದೀಪ ಕೆಂಪಗೇ ಇತ್ತು. ಹೊತ್ತು ಏರಿತು, ನಳ ನಿಂತಿತು, ಓಣಿಯವರು ಊಟ ಮಾಡಿ ಮತ್ತೆ ಬಂದರು.

ಕೊನೆಗೆ ಬಸವಂತ ಡಬ್ಬಿ ಮಾರಿದ ಅಂಗಡಿಯವನಿಗೆ ಫೋನ್ ಹಚ್ಚಿದ. ಅವನು ಆರಾಮಾಗಿ ಕೇಳಿದ: "ನಡುವ ಏನರ ಅಡ್ಡ ಐತೇನ್ರಿ? ಗಿಡ, ಗ್ವಾಡಿ, ನೀರಿನ ಟಾಕಿ?"

"ಟಾಕಿ ಐತ್ರಿ. ಆದ್ರ ಮುಂಜಾನೆನೂ ಇತ್ತಲ್ರಿ, ಆವಾಗ ಬರ್ತಿತ್ತು."

"ಮುಂಜಾನೆ ಖಾಲಿ ಇದ್ದಿರಬೇಕ್ರಿ. ತುಂಬಿದ ಟಾಕಿ ಅಂದ್ರ ಗ್ವಾಡಿಗಿಂತ ಕಡೆ. ನೀರು ಎಲ್ಲಾ ಕುಡಿದುಬಿಡ್ತೈತಿ. ಟಾಕಿ ಖಾಲಿ ಮಾಡ್ರಿ, ಇಲ್ಲಾ ಪೈಪ್ ಎತ್ತರ ಮಾಡ್ರಿ."

ಉದ್ದದ ಪೈಪು ಸಿಗುವ ಅಂಗಡಿಗೆ ಅಂದು ಬೀಗ. ಬಸವಂತ ಟಾಕಿಯನ್ನೇ ನೋಡುತ್ತ ನಿಂತ. ಗಾಳಿ ಇಂದ್ರಾಬಾಯಿಯದಲ್ಲ, ನಿಜ. ಆದರೆ ಗಾಳಿಯ ನಡುವೆ ನಿಂತ ನೀರು ಪೂರ್ತಿ ಆಕೆಯದೇ ಆಗಿತ್ತು.

ಕೆಳಗೆ ರತ್ನಾಬಾಯಿ ತಲೆ ಬಾಚಿಕೊಂಡು, ಹಬ್ಬಕ್ಕೆಂದು ಎತ್ತಿಟ್ಟ ಸೀರೆ ಉಟ್ಟು, ಮಗ್ಗದ ಮುಂದೆ ಆಗಲೇ ಕುಳಿತುಬಿಟ್ಟಿದ್ದಳು. "ಬಸ್ಯಾ, ಜನಾ ಬಂದ್ರೇನೋ?" ಎಂದು ಮೊಬೈಲಿನತ್ತ ನೋಡಿ ಕೇಳಿದಳು. ಅವ್ವನ ಆ ಮುಖವನ್ನು ಬಸವಂತ ಒಮ್ಮೆ ನೋಡಿದ. ಅವನು ಚಪ್ಪಲಿ ಮೆಟ್ಟಿ ಸೀದಾ ಇಂದ್ರಾಬಾಯಿಯ ಅಂಗಳಕ್ಕೆ ಹೋದ.

"ಕಾಕು..."

ಇಂದ್ರಾಬಾಯಿ ಮೊದಲು ಬೇವಿನ ಗಿಡ ನೋಡಿದಳು, ಆಮೇಲೆ ಆಕಾಶ ನೋಡಿದಳು. "ಯಾರೋ ಮಾತಾಡಿದಂಗ ಆತಲ್ಲ!"

"ನಾನ್ರಿ, ಬಸವಂತ. ನಿಮ್ಮ ಟಾಕಿ ನೀರು ಸ್ವಲ್ಪ ಇಳಸಬೇಕಾಗಿತ್ರಿ. ನಮ್ಮ ಇಂಟರ್ನೆಟ್ಟಿಗೆ ಅಡ್ಡ ಬಂದೈತಿ."

"ಯಾವುದು ಯಾವುದಕ್ಕ ಅಡ್ಡ ಬಂದೈತೋ? ಟಾಕಿ ಮೊದಲ ಇತ್ತು. ಎಂಟು ದಿನಕ್ಕ ಬಂದ ನೀರು ಗಟಾರಕ್ಕ ಬಿಡು ಅಂತೀಯಲ್ಲ, ನಿನಗ ಪಿತ್ತ ನೆತ್ತಿಗೇರೇತೇನು?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೀರು ಚೆಲ್ಲುವ ಮಾತನ್ನು ಆ ಓಣಿಯಲ್ಲಿ ಹುಚ್ಚರೂ ಆಡುತ್ತಿರಲಿಲ್ಲ. ಬಸವಂತ ಕಣ್ಣು ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಬಚ್ಚಲ ಪಕ್ಕದಲ್ಲಿ ಒಟ್ಟಿದ್ದ ಕೌದಿಗಳು ಬಿದ್ದವು. ದಸರೆಯ ಮೊದಲ ದಿನ ದೇವರ ಘಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕು. ಇಂದ್ರಾಬಾಯಿ ಅದಕ್ಕೆಂದೇ ನೀರಿಗೆ ಕಾದಿದ್ದಳು. ಆದರೆ ಅವಳ ಟೊಂಕ ಹಿಡಿದಿತ್ತು.

"ಗಟಾರಕ್ಕ ಬ್ಯಾಡ್ರಿ ಕಾಕು" ಎಂದ ಬಸವಂತ. "ಈ ಕೌದಿ ನಾ ಒಗದು ಕೊಡ್ತೇನಿ."

ಇಂದ್ರಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಸಾಬೂನು ತಂದಳು.

ಕೌದಿ ಒಗೆಯುವುದೆಂದರೇನೆಂದು ಬಸವಂತನಿಗೆ ಆವರೆಗೆ ತಿಳಿದಿರಲಿಲ್ಲ. ಮನೆಯ ಮೂರು ತಲೆಮಾರಿನ ಹಳೆಯ ಸೀರೆಗಳು ಒಂದರ ಮೇಲೊಂದು ಹೊಲಿಸಿಕೊಂಡು ಕುಳಿತ ವಸ್ತು ಅದು. ನೀರು ಕುಡಿದ ಮೇಲೆ ಅದನ್ನು ಎತ್ತುವುದೆಂದರೆ ಏಳಲೊಲ್ಲದ ಎಮ್ಮೆಗರುವನ್ನು ಎತ್ತಿದಂತೆ. ಅವನು ಪ್ಯಾಂಟು ಮಡಚಿ ಕೌದಿಗಳ ಮೇಲೆ ನಿಂತು ತುಳಿದ. ಓಣಿ ಬಾಗಿಲಲ್ಲಿ ನೆರೆಯಿತು.

"ಹೆಂಗೂ ತುಳ್ಯಾಕತ್ತೀದಿ, ನಮ್ಮವೂ ಎರಡು ಅದಾವು" ಎಂದು ರಂಗವ್ವ ತನ್ನವನ್ನು ತಂದು ಹಾಕಿದಳು.

ಬೇರೆ ದಿನವಾಗಿದ್ದರೆ ಬಸವಂತ ಜಗಳಕ್ಕೆ ನಿಲ್ಲುತ್ತಿದ್ದ. ಇಂದು ಒಂದು ಕೌದಿ ಹೆಚ್ಚಾದರೆ ಟಾಕಿಯಲ್ಲಿ ಅಷ್ಟು ನೀರು ಕಡಿಮೆ. "ತಗೊಂಡ ಬರ್ರಿ! ಇನ್ನ ಯಾರ ಮನ್ಯಾಗ ಅದಾವು?" ಎಂದು ಅವನೇ ಕೂಗಿದ. ಓಣಿಯ ಹೆಂಗಸರು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಕೌದಿ, ರಗ್ಗು, ಜಮಖಾನೆ, ಯಾರದೋ ತೊಟ್ಟಿಲಿನ ಹಾಸು ಕೂಡ ಬಂತು. ಬಸವಂತ ಎಲ್ಲವನ್ನೂ ತುಳಿದ. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಅವನ ಮಾಳಿಗೆಯ ಮೇಲಿಂದ ಖಾಸಿಂಸಾಬರು ಕೈ ಬೀಸಿ ಕೂಗಿದರು.

"ಬಂತು ಬೇಟಾ! ಹಸರು! ಎಲ್ಲಾ ಹಸರು!"

ಬಸವಂತ ಹಿಂಡಿದ ಕೌದಿಗಳ ರಾಶಿಯ ನಡುವೆ ನಿಂತು ಏದುಸಿರು ಬಿಟ್ಟ. ಇಂದ್ರಾಬಾಯಿಯ ಮನಸ್ಸು ಕರಗಿತ್ತು. ಅವಳ ಹೊಟ್ಟೆಯ ಮಕ್ಕಳು ಕೂಡ ಆಕೆಯ ಒಂದು ದುಪ್ಪಟಿ ಒಗೆದವರಲ್ಲ.

"ನೀ ಹೋಗಪಾ, ನಿಮ್ಮವ್ವನ ಕೆಲಸ ನೋಡು. ಪಾಪ, ಎಷ್ಟ ದಣದೀದಿ. ಒಣಹಾಕೋದು ನಾವು ನೋಡ್ಕೋತೇವಿ" ಎಂದಳು.

ಇಂಥ ಹೆಂಗಸಿನ ಜೊತೆ ಒಂದು ಮೊರ ಸಂಡಿಗೆಗಾಗಿ ಮಾತು ಬಿಟ್ಟೆನಲ್ಲ ಎಂದು ಬಸವಂತನಿಗೆ ನಿಜವಾಗಿ ನಾಚಿಕೆಯಾಯಿತು. ನೀರು ಸುರಿಸುತ್ತಲೇ ಮನೆಗೆ ಓಡಿದ.

ನಾಲ್ಕಕ್ಕೆ ಸರಿಯಾಗಿ ನಾಗರತ್ನಾ ಮೊಬೈಲ್ ಹಿಡಿದು "ಎಲ್ಲಾರಿಗೂ ಶರಣ್ರಿ" ಎಂದಳು. ಪುಣೆಯಿಂದ, ಸೊಲ್ಲಾಪುರದಿಂದ, ಧಾರವಾಡದಿಂದ ಜನ ಬಂದು ಕುಳಿತರು. ರತ್ನಾಬಾಯಿ ಮೊದಲು ಸಂಕೋಚಪಟ್ಟಳು. ಆಮೇಲೆ ಎಳೆಗಳು ಬೆರಳಿಗೆ ಸಿಕ್ಕವು, ಸಂಕೋಚ ಮರೆತುಹೋಯಿತು. ಒಂದು ಕೊಂಡಿ, ಇನ್ನೊಂದು ಕೊಂಡಿ. "ಈಗ ನೋಡ್ರಿ, ಈ ಎಳಿ ಇದರಾಗ..." ಎಂದು ಆಕೆ ಬಾಯಿ ತೆರೆದಳು.

ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಮಗ್ಗದ ಮುಂದಿನ ರತ್ನಾಬಾಯಿ ಮಾತಾಡುತ್ತಲೇ ಇದ್ದಳು. ಆನಂದನ ಮನೆಯಲ್ಲಿ ಕುಳಿತು ನೋಡುತ್ತಿದ್ದ ಅವನ ಹೆಂಡತಿಯ ಮೊಬೈಲಿನ ರತ್ನಾಬಾಯಿ ಮಾತ್ರ ಕಲ್ಲಾದಳು. ಸ್ವಲ್ಪ ಹೊತ್ತಿಗೆ ಅದೂ ಅಳಿಸಿಹೋಗಿ ಒಂದು ಬಿಳಿ ಚಕ್ರ ಸುತ್ತತೊಡಗಿತು.

"ಹೋತ್ರೀ!" ಎಂದಳು ನಾಗರತ್ನಾ.

ಬಸವಂತ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಲೆ ಬಂದ. ಟಾಕಿಯಲ್ಲಿ ನೀರಿರಲಿಲ್ಲ. ಅದರ ಆಚೆ ಈಚೆ, ಪಕ್ಕದಲ್ಲಿ, ಡಬ್ಬಿಯಿಂದ ಡಬ್ಬಿಗೆ ಎಲ್ಲಿ ದಾರಿಯಿತ್ತೋ ಅಲ್ಲೆಲ್ಲ, ಟಾಕಿಯಿಂದ ಎತ್ತರದ ಗೂಟಕ್ಕೆ ಬಿಗಿದ ಹಗ್ಗದ ಮೇಲೆ, ಇಡೀ ಓಣಿಯ ಕೌದಿಗಳು ಸಾಲಾಗಿ ನೇತಾಡುತ್ತ ತೊಟ್ಟಿಕ್ಕುತ್ತಿದ್ದವು. ಟಾಕಿಯ ನೀರೆಲ್ಲ ಈಗ ಅವುಗಳಲ್ಲಿತ್ತು.

"ಕಾಕೂ! ಕೌದಿ ತಗೀರಿ! ಅಡ್ಡ ಬಂದಾವು!"

"ಒದ್ದಿ ಕೌದಿ ತಗದು ಎಲ್ಲಿ ಇಡಲೋ?" ಎಂದು ಇಂದ್ರಾಬಾಯಿ ಎರಡು ಕೌದಿಗಳ ಸಂದಿಯಿಂದ ಮುಖ ಹೊರಹಾಕಿದಳು. ಅವಳ ಮುಖದಲ್ಲಿ ಈಗ ಹಗೆಯ ಹೆಸರಿರಲಿಲ್ಲ. "ಇರೋದ ಒಂದ ಹಗ್ಗ. ಇನ್ನೂ ನಾಲ್ಕು ಕೆಳಗ ಬಿದ್ದಾವು, ಜಾಗಾನ ಇಲ್ಲ."

ಕೆಳಗಿನಿಂದ ಅವ್ವನ ದನಿ ಕೇಳುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಆಕೆಗಿನ್ನೂ ಯಾರೂ ಹೇಳಿರಲಿಲ್ಲ. ಎಳೆಗೆ ಎಳೆ ಕೂಡಿಸುತ್ತ ವಿವರಿಸುತ್ತಲೇ ಇದ್ದಳು. ಬಸವಂತ ಒದ್ದೆ ಪ್ಯಾಂಟಿನಲ್ಲಿ ತನ್ನ ಮಾಳಿಗೆಯ ಅಂಚಿನ ಕಟ್ಟೆಯ ಮೇಲೆ ಕುಸಿದು ಕುಳಿತ.

ಇಂದ್ರಾಬಾಯಿ ಕೌದಿ ಸರಿಸಿ ತನ್ನ ಮಾಳಿಗೆಯ ಅಂಚಿಗೆ ಬಂದಳು.

"ಬಸವಂತಾ, ನಾ ಒಂದು ಮಾತು ಹೇಳಲೇನು?" ಎಂದಳು. "ನೀ ಹಿಂದ ಎಳದಿದ್ದಿಯಲ್ಲ, ಆ ವಾಯರು, ಅದನ್ನ ಮತ್ತ ಎಳಕೋ. ನನ್ನದೇನೂ ತಕರಾರಿಲ್ಲ. ಗಟ್ಟೀದು ನೋಡಿ ಎಳೀಯಪಾ, ಈ ನಾಲ್ಕು ಕೌದಿ ಅದರ ಮ್ಯಾಲೆ ಒಣಗ್ತಾವು."