ಹಾಲೇಶಪ್ಪ ಮಾಸ್ತರರು ಬಸ್ಸು ದಬ್ಬಿಸಿದ್ದು

ಎಲ್ಲಾ ಕೆಟ್ಟದ್ದು ಹೆಡ್‌ಮಾಸ್ತರರ ಒಂದು ಮಾತಿನಿಂದ.

"ಪುಸ್ತಕದಾಗಿಂದು ಹೇಳಬ್ಯಾಡ್ರಿ ಹಾಲೇಶಪ್ಪ. ಇರವಿ, ಜೇನಹುಳದ ಕತಿ ಕೇಳಿ ಕೇಳಿ ಮಂದಿಗೆ ಬ್ಯಾಸರಾಗೇತಿ. ಇವತ್ತ ಕಣ್ಣಾರೆ ಕಂಡದ್ದೊಂದು ಸಂಜೀಕ ಹೇಳ್ರಿ. ಚಪ್ಪಾಳಿ ಹ್ಯಾಂಗ ಬೀಳ್ತಾವ ನೋಡ್ರಿ."

ರಾಣೆಬೆನ್ನೂರಿನ ಹೈಸ್ಕೂಲು ಮಾಸ್ತರ ಹಾಲೇಶಪ್ಪನವರಿಗೆ ಅವತ್ತು ಬ್ಯಾಡಗಿಯ ತರುಣ ವರ್ತಕರ ಸಂಘದಲ್ಲಿ ಭಾಷಣವಿತ್ತು. ವಿಷಯ, ದಿನನಿತ್ಯದ ಬದುಕಿನಲ್ಲಿ ನಾಯಕತ್ವದ ಪಾಠ. ಮಂದಿಗೆ ಹಿಡಿಸಿದರೆ ಪ್ರತಿ ತಿಂಗಳೂ ಅವರನ್ನೇ ಕರೆಸುವುದಾಗಿ ಅಧ್ಯಕ್ಷ ಪ್ರಭುಲಿಂಗಪ್ಪನವರು ಫೋನಿನಲ್ಲಿ ಹೇಳಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ವರ್ಷಗಟ್ಟಲೆ ಹುಡುಗರಿಗೆ ಭಾಗಾಕಾರ ಕಲಿಸಿ ಸುಸ್ತಾಗಿದ್ದ ಮಾಸ್ತರರಿಗೆ ಒಮ್ಮೆಯಾದರೂ 'ವ್ಯಕ್ತಿತ್ವ ವಿಕಸನ ತರಬೇತುದಾರರು' ಎಂದು ಕರೆಸಿಕೊಂಡು ಸಾಯಬೇಕೆಂಬ ಆಸೆ. ಹೆಂಡತಿ ಪ್ರೇಮವ್ವ ಬಿಳಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಟ್ಟಳು.

ಖಾಸಗಿ ಬಸ್ಸು ಹತ್ತಿದ್ದೇ ತಡ, ಮಾಸ್ತರರು ಹಿಂದಿನ ಸೀಟಿನ ಕನ್ನಡಕದ ಹೆಣ್ಣುಮಗಳ ಕಡೆ ತಿರುಗಿ ತಾಲೀಮು ಶುರು ಮಾಡಿದರು.

"ನಾಯಕ ಆದಾವ ಮೊದಲ ಇನ್ನೊಬ್ಬರ ಮಾತು ಕೇಳಿಸ್ಕೋಬೇಕ್ರಿ ಅಕ್ಕಾರ."

"ಹೌದ್ರಿ," ಎಂದಳು ಆಕೆ. ಮೋಟೆಬೆನ್ನೂರಿನವರೆಗೆ ಆಕೆಗೆ ಅದರಾಚೆ ಬಾಯಿ ತೆರೆಯಲು ಸಂದು ಸಿಗಲಿಲ್ಲ. ಆಕೆ ಯಾರು, ಎಲ್ಲಿಗೆ ಹೊರಟಿದ್ದಾಳೆ ಎಂದು ಮಾಸ್ತರರು ಕೇಳಲೂ ಇಲ್ಲ.

ಮೋಟೆಬೆನ್ನೂರು ದಾಟಿದ ಮೇಲೆ ಬಸ್ಸು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕಂಡಕ್ಟರ ಅಬ್ದುಲಗನಿ ಬಾಗಿಲು ಬಡಿದ. "ಇಳೀರಿ, ಎಲ್ಲಾರೂ ಇಳೀರಿ! ದಬ್ಬಿದ್ರನ ಚಾಲೂ ಆಗ್ತೈತಿ."

ಹಾಲೇಶಪ್ಪನವರ ಮುಖ ಅರಳಿತು. ಕಣ್ಣಾರೆ ಕಾಣುವ ಉದಾಹರಣೆ ಕಾಲಿಗೇ ಬಂದು ಬಿದ್ದಿದೆ! ಚೀಲವನ್ನು, ಚೀಲದೊಳಗಿನ ಮೊಬೈಲನ್ನು ಸೀಟಿನಲ್ಲೇ ಬಿಟ್ಟು ಇಳಿದು, ಬಸ್ಸಿನ ಮುಂದೆ ಹೋಗಿ ಕೈ ಎತ್ತಿ ನಿಂತರು.

"ಯಜಮಾನ್ರ, ದಬ್ಬರಿ ಅಂದ್ರ ಮುಂದ ಯಾಕ ನಿಂತೀರಿ?" ಡ್ರೈವರು ತಲೆ ಹೊರಗೆ ಹಾಕಿ ಕೇಳಿದ.

"ಎಲ್ಲಾರೂ ಹಿಂದ ನಿಂತ್ರ ದಾರಿ ತೋರ್ಸಾವ್ರು ಯಾರು? ನಾಯಕ ಮುಂದಿರಬೇಕು. ಹೂಂ, ಎಲ್ಲಾರೂ ಒಮ್ಮಿಗೇ, ಹಾಕ್ರಿ ಜೋರು!"

ಮಂದಿ ಹಾಕಿದರು ಜೋರು. ಬಸ್ಸು ಗುರ್ರೆಂದು ಚಾಲೂ ಆಗಿ ಸೀದಾ ನಾಯಕರ ಮೈಮೇಲೇ ಬಂತು. ಮಾಸ್ತರರು ಪಕ್ಕದ ತೆಗ್ಗಿಗೆ ಹಾರಿದರು. ನಿಲ್ಲಿಸಿದರೆ ಮತ್ತೆ ಬಂದ್ ಆದೀತೆಂದು ಡ್ರೈವರು ನಿಲ್ಲಿಸಲಿಲ್ಲ. ದಬ್ಬಿದವರು ಓಡೋಡಿ ಹತ್ತಿಕೊಂಡರು, ಕನ್ನಡಕದಾಕೆಯೂ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮಾಸ್ತರರು ಅಂಗಿಯ ಮಣ್ಣು ಕೊಡವಿಕೊಂಡು ಮೇಲೆ ಬರುವಷ್ಟರಲ್ಲಿ ರಸ್ತೆಯ ಮೇಲೆ ಉಳಿದದ್ದು ಹೊಗೆ ಮಾತ್ರ.

"ಏ, ನಿಲ್ಲಸ್ರೋ! ನಾನೂ ಬರಾಂವ!"

ಯಾರಿಗೆ ಕೇಳಬೇಕು? ಬಹಳ ಹೊತ್ತಿನ ಮೇಲೆ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರೊಂದು ಬಂತು. ಅದರ ಡ್ರೈವರ ಮೈಲಾರಲಿಂಗ ದೊಡ್ಡ ಮನಸ್ಸು ಮಾಡಿದ. "ಹತ್ರಿ ಸರ್, ಚೀಲದ ಮ್ಯಾಲ ಕುಂದ್ರಿ. ಕಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ ಮತ್ತ."

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವವರು ಅದನ್ನು ಕಣ್ಣಿಗೆ ಹಚ್ಚಿಕೊಂಡು ನೋಡಿದವರಲ್ಲ. ಹರಿದ ಚೀಲವನ್ನು ಬಿಗಿಯಾಗಿ ಹಿಡಿದು ಕೂತಿದ್ದ ಮಾಸ್ತರರು, ಹಣೆಯ ಬೆವರು ಕಣ್ಣಿಗಿಳಿದಾಗ ಮರೆತು ಒರೆಸಿಕೊಂಡೇಬಿಟ್ಟರು.

"ಅಯ್ಯಯ್ಯಪ್ಪಾ, ಸತ್ತೆ!"

"ಉಜ್ಜಬ್ಯಾಡ್ರಿ ಸರ್!" ಎಂದು ಮೈಲಾರಲಿಂಗ ಕೂಗಿದ. ಅವರು ಎರಡೂ ಕೈಯಿಂದ ಉಜ್ಜಿಕೊಂಡರು.

ಸೀನುತ್ತಾ, ಕಣ್ಣೀರು ಸುರಿಸುತ್ತಾ, ಕೆಂಪು ಬಣ್ಣ ಮೆತ್ತಿದ ಬಿಳಿ ಅಂಗಿಯಲ್ಲಿ ಅವರು ಸಂಘದ ಸಭಾಂಗಣಕ್ಕೆ ಬಂದಾಗ ಕಾರ್ಯಕ್ರಮ ನಡೆದಿತ್ತು. ವೇದಿಕೆಯ ಮೇಲೆ ಯಾರೋ ಮಾತಾಡುತ್ತಿದ್ದರು. ಮಾಸ್ತರರು ಕಷ್ಟಪಟ್ಟು ಒಂದು ಕಣ್ಣು ತೆರೆದರು. ಬಸ್ಸಿನ ಕನ್ನಡಕದ ಹೆಣ್ಣುಮಗಳು!

"ಭಾಷಣದ ಮಾಸ್ತರು ಬರಲಿಲ್ಲ, ಫೋನೂ ಎತ್ತವಲ್ರು," ಎಂದು ಕೊನೆಯ ಸಾಲಿನ ವ್ಯಾಪಾರಿ ಪಿಸುಗುಟ್ಟಿದ. "ವಂದನಾರ್ಪಣಿ ಮಾಡಾಕ ಬಂದಿದ್ದ ಪತ್ತಿನ ಸಂಘದ ನಿರ್ಮಲಾ ಅಕ್ಕಾರನ್ನ ಹತ್ತಿಸೇವಿ. ಭಾಳ ಚೊಲೋ ಹೇಳಾಕತ್ತಾರ, ಕುಂದ್ರಿ."

"ಆ ಯಜಮಾನ್ರು ಬಸ್ಸಿನ ಮುಂದ ನಿಂತು, ನಾಯಕ ಮುಂದಿರಬೇಕು ಅಂದ್ರು," ನಿರ್ಮಲಾ ಹೇಳುತ್ತಿದ್ದಳು. "ಅವ್ರನ್ನ ತೆಗ್ಗಿನಾಗ ಬಿಟ್ಟು ಉಳದವ್ರೆಲ್ಲಾ ಬ್ಯಾಡಗಿ ಮುಟ್ಟಿದ್ವಿ. ಅದಕ್ಕ ಅಣ್ಣಾರ, ನಾಯಕ ಆಗಬೇಕಂದ್ರ ಮಂದಿ ಜೋಡಿ ನಿಂತು ದಬ್ಬರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. 'ನಾನೇ ಹಾಲೇಶಪ್ಪ' ಎನ್ನಲು ಅರ್ಧ ಎದ್ದಿದ್ದ ಮಾಸ್ತರರು ಹಾಗೇ ಕೂತರು. ಹಾಲೇಶಪ್ಪ ಅಂದರೆ ತಡವಾದದ್ದೇಕೆ ಎಂದು ಕೇಳುತ್ತಾರೆ, ಹೇಳಿದರೆ ತೆಗ್ಗಿನ ಯಜಮಾನರು ಯಾರೆಂದು ತಿಳಿಯುತ್ತದೆ. ತಿಂಗಳ ಭಾಷಣ ಹೋದರೆ ಹೋಗಲಿ, ಮಾನವಾದರೂ ಉಳಿಯಲಿ!

ಮಾಸ್ತರರು ಬಂದರೇನೋ ಎಂದು ಬಾಗಿಲ ಕಡೆ ಬಂದ ಪ್ರಭುಲಿಂಗಪ್ಪನವರು ಇವರನ್ನು ಕಂಡು ಗಕ್ಕನೆ ನಿಂತರು.

"ಏನ್ರಿ ಅಣ್ಣಾರ, ಈ ಪರಿ ಅಳಾಕತ್ತೀರಿ? ಭಾಷಣ ಅಷ್ಟು ಮನಸ್ಸಿಗೆ ಹತ್ತಿತೇನ್ರಿ?"

"ಹೌದ್ರಿ, ಭಾಳ ಹತ್ತಿತು," ಎಂದರು ಮಾಸ್ತರರು ಮೂಗು ಒರೆಸಿಕೊಳ್ಳುತ್ತಾ.

"ಕೇಳಾವ್ರು ಅಂದ್ರ ಹಿಂಗಿರಬೇಕು! ಇನ್ನ ಪ್ರತಿ ತಿಂಗಳೂ ನಿರ್ಮಲಾ ಅಕ್ಕಾರದ್ದ ಭಾಷಣ. ನಿಮಗ ಮುಂದಿನ ಸಾಲಿನಾಗ ಒಂದು ಕುರ್ಚಿ ಖಾಯಂ. ಕೈ ಕೊಟ್ಟ ಆ ರಾಣೆಬೆನ್ನೂರ ಮಾಸ್ತರ ಒಮ್ಮಿ ಸಿಗಲಿ, ಐತಿ ಅವಗ."

ಮಾಸ್ತರರು ತಲೆಯಾಡಿಸಿ ಮೆಲ್ಲಗೆ ಬಾಗಿಲತ್ತ ಸರಿದರು. ಇನ್ನೇನು ಹೊಸ್ತಿಲು ದಾಟಬೇಕು, ಎದುರಿಗೆ ಅಬ್ದುಲಗನಿ! ಕೈಯಲ್ಲಿ ಅವರದೇ ಚೀಲ.

"ಇಲ್ಲೆ ಹಾಲೇಶಪ್ಪ ಮಾಸ್ತರು ಯಾರ್ರಿ? ಚೀಲದಾಗ ಫೋನು ಹೊಡಕೊಳ್ಳಾಕತ್ತಿತ್ತು, ಎತ್ತಿದೆ. ಅವ್ರ ಮನಿಯಾಗಿನ ಅಕ್ಕಾರು, ಅವ್ರದ ಇಲ್ಲೆ ಭಾಷಣ ಐತಿ ಅಂದ್ರು..." ಅಷ್ಟರಲ್ಲಿ ಅವನ ಕಣ್ಣು ಇವರ ಮೇಲೆ ಬಿತ್ತು. "ಅರೇ! ಸರ್, ಬಸ್ಸಿನ ಮುಂದ ನಿಂತಾವ್ರು ನೀವ ಅಲ್ಲೇನ್ರಿ?"

ಮಂದಿಯೆಲ್ಲಾ ಬಾಗಿಲ ಕಡೆ ತಿರುಗಿದರು. ನಿರ್ಮಲಾ ಕನ್ನಡಕ ಸರಿಮಾಡಿಕೊಂಡು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ಏನೋ ಹೇಳಲು ಹೋಗಿ ಸೀನಿದರು.

ಪ್ರಭುಲಿಂಗಪ್ಪನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಹೆಗಲ ಮೇಲೆ ಕೈಹಾಕಿ ವೇದಿಕೆಯ ಕಡೆ ನಡೆಸಿದರು.

"ಬಂದದ್ದು ಚೊಲೋ ಆತು ಬರ್ರಿ ಮಾಸ್ತರ. ಅಕ್ಕಾರು ನಿಮ್ಮ ಭಾಷಣ ಮಾಡಿ ಮುಗಿಸ್ಯಾರ. ಅವ್ರ ವಂದನಾರ್ಪಣಿ ಹಂಗ ಉಳದೈತಿ. ಅದನ್ನರ ನೀವು ಮಾಡಿಬಿಡ್ರಿ."

ಹಾಲೇಶಪ್ಪನವರು ಮೈಕಿನ ಮುಂದೆ ನಿಂತು, ಕಣ್ಣೀರು ಒರೆಸಿಕೊಳ್ಳುತ್ತಾ, ಮೊದಲನೆಯ ವಂದನೆಯನ್ನು ನಿರ್ಮಲಾ ಅಕ್ಕನವರಿಗೆ ಹೇಳಿದರು.