ಕಂಡಕ್ಟರಪ್ಪನ ಸೈಕಲ್ ಪಾಠ

ಎಲ್ಲಕ್ಕೂ ಮೂಲ ಎದುರುಮನೆ ಅತ್ತೆಯ ಬಾಯಿ.

"ನಿನ್ನ ಮಗಳ ವಾರಿಗೆ ಮಕ್ಕಳೆಲ್ಲ ಸೈಕಲ್ ಹೊಡೀತಾವೆ ಕಂಡಕ್ಟ್ರೇ. ಪಾಪ, ಇದಕ್ಕೆ ಕಲಿಸೋರೇ ಇಲ್ಲ," ಎಂದು ಆಕೆ ರಜದ ದಿನ ಬೆಳ್ಳಂಬೆಳಗ್ಗೆಯೇ ಅಂದುಬಿಟ್ಟರು. ಕಂಡಕ್ಟರ ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟ.

ಮಾತು ಸುಳ್ಳಲ್ಲ. ಮಗಳು ಏಳುವ ಮುಂಚೆ ಅವನ ಬಸ್ಸು ಹೊರಡುತ್ತಿತ್ತು, ಅವಳು ಮಲಗಿದ ಮೇಲೆ ವಾಪಸಾಗುತ್ತಿತ್ತು. ಊರ ಮಕ್ಕಳನ್ನೆಲ್ಲ ಕೈಹಿಡಿದು ಇಳಿಸುವವನಿಗೆ ಸ್ವಂತ ಮಗಳ ಚಪ್ಪಲಿ ಅಳತೆ ಗೊತ್ತಿರಲಿಲ್ಲ. ಅವನ ಅಪ್ಪ ಹಾಗಿರಲಿಲ್ಲ. ಮರ ಕೊಯ್ಯುವ ಮಿಲ್ಲಿನಿಂದ ಬಂದವನೇ, ಮೈಮೇಲಿನ ಹೊಟ್ಟನ್ನೂ ಕೊಡವದೆ, ಇವನ ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡುತ್ತಿದ್ದ. ಆ ಏದುಸಿರು ಬೆನ್ನಿಗೆ ಕೇಳುತ್ತಿದ್ದಷ್ಟು ಹೊತ್ತು ಬೀಳುವ ಭಯವೇ ಇರಲಿಲ್ಲ. ಎಂಥ ಸುಖದ ಕಾಲ ಅದು! ಅಂಥದ್ದೊಂದನ್ನು ಮಗಳಿಗೆ ತಾನು ಕೊಟ್ಟೇ ಇಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು.

"ಬಾರೇ, ಇವತ್ತು ಸೈಕಲ್ ಕಲಿಸ್ತೀನಿ."

ಮಗಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಕುಣಿದುಕೊಂಡು ಹೋಗಿ, ಶಾಲೆಯ ಹತ್ತಿರದ ಬಾಡಿಗೆ ಸೈಕಲ್ ಅಂಗಡಿಯಿಂದ ಕೆಂಪನೆಯದೊಂದನ್ನು ತಳ್ಳಿಕೊಂಡು ಬಂದಳು. ಆಗೆಲ್ಲ ಸೈಕಲ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿತ್ತು.

ಬೀದಿಗೆ ಬೀದಿಯೇ ಗುರುವಾಯಿತು. "ಚಕ್ರ ನೋಡಬೇಡಮ್ಮ, ರಸ್ತೆ ನೋಡು!" ಎಂದರು ರಿಟೈರ್ಡ್ ಮೇಷ್ಟ್ರು. "ಮೊದ್ಲು ಸೀಟು ಇಳಿಸಿ!" ಎಂದ ದರ್ಜಿ. "ಕೈ ಬಿಟ್ರೆ ತಾನೇ ಅದು ಕಲಿಯೋದು? ಬಿಡಪ್ಪಾ!" ಎಂದು ಅತ್ತೆ ಗೇಟಿನಿಂದಲೇ ಗದರಿದರು.

ಕಂಡಕ್ಟರ ಬಿಡಲಿಲ್ಲ. "ರೈಟ್, ರೈಟ್!" ಎಂದು ಕೂಗುತ್ತ ಸೀಟು ಹಿಡಿದು ಓಡಿದ. ಒಂದು ಚಪ್ಪಲಿ ಚರಂಡಿ ಸೇರಿತು. ಅಂಗಿಯ ಗುಂಡಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಮಗಳು ಅತ್ತಿತ್ತ ವಾಲಿ "ಅಪ್ಪಾ, ಬಿಡಬೇಡ!" ಎಂದು ಕಿರುಚಿದಷ್ಟೂ ಅವನಿಗೆ ಹುರುಪು ಬರುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಬುದ್ಧಿಮಾತು ನೆನಪಾಗಿ ಮೇಷ್ಟ್ರು ನಡುರಸ್ತೆಗೇ ಬಂದುಬಿಟ್ಟರು. ಬಸ್ಸು ನಿಲ್ಲಿಸಲು ದಿನವಿಡೀ ಕೂಗುವ ಮಾತು ಕಂಡಕ್ಟರನ ಬಾಯಿಂದ ತಾನಾಗಿ ಹೊರಬಿತ್ತು.

"ಹೋಲ್ಡಾನ್!"

ಮಗಳು ಗಕ್ಕನೆ ಬ್ರೇಕ್ ಹಿಡಿದಳು. ಬಸ್ಸಾಗಿದ್ದರೆ ಅವನು ಒಳಗಿರುತ್ತಿದ್ದ. ಇಲ್ಲಿ ಹಿಂದಿದ್ದ. ಸೈಕಲ್ಲಿಗೆ ಡಿಕ್ಕಿ ಹೊಡೆದು, ಮಡ್‌ಗಾರ್ಡ್ ಸೊಟ್ಟಗೆ ಮಾಡಿ, ಅತ್ತೆಯ ಹೂಕುಂಡದ ಮೇಲೆ ದೊಪ್ಪನೆ ಬಿದ್ದ. ಮಗಳು ಮಾತ್ರ ನೆಲಕ್ಕೆ ಕಾಲೂರಿ ಠೀವಿಯಿಂದ ನಿಂತಿದ್ದಳು.

"ಕಲಿಸೋಕೂ ಒಂದು ಯೋಗ್ಯತೆ ಬೇಕು," ಎನ್ನುತ್ತ ಅತ್ತೆ ಕುಂಡದ ಚೂರು ಆಯತೊಡಗಿದರು. ತರಚಿದ ಮಂಡಿಗಿಂತ ಆ ಮಾತೇ ಹೆಚ್ಚು ಉರಿಯಿತು. ಇದೊಂದೂ ತನ್ನ ಕೈಲಾಗಲಿಲ್ಲ ಎಂದುಕೊಳ್ಳುತ್ತ ಅವನು ಕುಂಟಿಕೊಂಡೇ ಸೈಕಲ್ ವಾಪಸು ಮಾಡಲು ಮಗಳ ಜೊತೆ ಹೊರಟ.

ಮಡ್‌ಗಾರ್ಡ್ ನೋಡಿ ಅಂಗಡಿಯವನು ಹೌಹಾರಿದ. "ಏನ್ರೀ ಇದು! ನಿಮ್ಮ ಮಗಳು ನನ್ನ ಸೈಕಲ್‌ಗಳಿಗೆ ಗಾಳಿ ಹೊಡೆದುಕೊಟ್ಟು, ಅದಕ್ಕೆ ಬದಲಾಗಿ ದಿನಾ ಸಂಜೆ ಶಾಲೆ ಮೈದಾನದಲ್ಲಿ ಒಂದು ಸುತ್ತು ಓಡಿಸ್ತಾಳೆ. ಇವತ್ತಿನ ತನಕ ಒಂದು ಗೀರು ಬಿದ್ದಿಲ್ಲ. ಎರಡೂ ಕೈ ಬಿಟ್ಟು ಓಡಿಸೋಳಿಗೆ ನೀವೇನು ಕಲಿಸೋಕೆ ಹೋದ್ರಿ?"

ಕಂಡಕ್ಟರ ಮೆಲ್ಲನೆ ತಿರುಗಿದ. "ನಿಂಗೆ ಸೈಕಲ್ ಬರುತ್ತಾ?"

"ಹೂಂ. ಬಿದ್ದು ಬಿದ್ದು ನಾನೇ ಕಲಿತೆ."

"ಮತ್ತೆ ಹೇಳಬಾರದಿತ್ತೇನೇ? ಅಷ್ಟು ಹೊತ್ತು ನನ್ನ ಯಾಕೆ ಓಡಿಸಿದೆ?"

"ಹೇಳಿದ್ರೆ ನೀನು ಹಿಡ್ಕೊಂಡು ಓಡ್ತಿದ್ಯಾ?"

ಕಂಡಕ್ಟರ ಅಂಗಡಿಯ ಕಟ್ಟೆಯ ಮೇಲೆ ಕೂತ. ಕಣ್ಣು ತುಂಬಿ ಬಂತು. ಬಹಳ ದಿನಗಳ ಮೇಲೆ, ತಾನೂ ಒಬ್ಬ ಅಪ್ಪನೇ ಅನ್ನಿಸಿ ಎದೆ ಹಗುರಾಯಿತು. ಮಗಳು ಬಗ್ಗಿ ಅವನ ಮಂಡಿಗೆ ಉಫ್ ಎಂದು ಊದಿದಳು.

"ತುಂಬಾ ನೋವಾ ಅಪ್ಪ?"

"ಇಲ್ಲ ಕಣೇ, ಚೂರೂ ಇಲ್ಲ," ಎಂದು ಹಲ್ಲು ಕಚ್ಚಿ ಸುಳ್ಳು ಹೇಳಿದ.

"ಹಾಗಾದ್ರೆ ಮುಂದಿನ ರಜಕ್ಕೂ ನಂಗೆ ಸೈಕಲ್ ಬರಲ್ಲ. ಆಯ್ತಾ?"