ಹೊಳಬಸಪ್ಪನ ಹದಿನೇಳು ಆಮ್ಯಾಲೆಗಳು

ಮರಾಠಿ ಸೀಮೆಯ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಕ್ಲಾರ್ಕ್ ಆಗಿದ್ದ ಹೊಳಬಸಪ್ಪನಿಗೆ ಜೀವನದಲ್ಲಿ ಒಂದೇ ಒಂದು ಕೊರಗಿತ್ತು. ಹೆಂಡತಿ ಚನ್ನಬಸವ್ವನ ಸಾರಿಗೆ ಉಪ್ಪು ಹೆಚ್ಚಾಗುತ್ತಿದ್ದುದು ಆ ಲೆಕ್ಕಕ್ಕೆ ಬರುವುದಿಲ್ಲ, ಅದು ಅಭ್ಯಾಸವಾಗಿತ್ತು. ಕೊರಗು ಇಂಗ್ಲಿಷಿನದು.

ಇದು ತೊಂಬತ್ತನಾಲ್ಕರ ಮಾತು. ಆಗ ಅರ್ಜಿಯೆಂದರೆ ಅರ್ಜಿ! ಬಿಳಿ ಹಾಳೆ, ನೀಲಿ ಶಾಯಿ, ಎಡಕ್ಕೆ ಎರಡು ಬೆರಳಷ್ಟು ಮಾರ್ಜಿನ್ನು, ಅಡಿಗೆ ಕಾರ್ಬನ್ ಕಾಗದ. ಕೈಗಂಟಿದ ಮಸಿ ತಿನ್ನುವ ರೊಟ್ಟಿಗೂ ಹತ್ತುತ್ತಿತ್ತು. ಈಗಿನವರು ಹೆಬ್ಬೆರಳಿನಿಂದ ಒತ್ತಿ ಕಳಿಸಿಬಿಡುತ್ತಾರೆ. ‘ಅದಕ್ಕ ಅರ್ಜಿ ಅಂತಾರೇನ್ರಿ? ಅದು ಸೀನು’ ಎಂದು ಹೊಳಬಸಪ್ಪ ಇವತ್ತಿಗೂ ಮುಖ ಸಿಂಡರಿಸುತ್ತಾನೆ.

ಅದರ ಹಿಂದಿನ ವರ್ಷ ಸ್ಟೋರ್ಸಿನ ಗೋಣಿಚೀಲದ ರಾಶಿಗೆ ಬೆಂಕಿ ಹತ್ತಿತ್ತು. ಎರಡು ಬಕೆಟ್ ನೀರಿಗೆ ಆರಿಹೋದ ಬಡ ಬೆಂಕಿ. ವರದಿ ಬರೆದವನು ಹೊಳಬಸಪ್ಪ. ಹೊಗೆ ಕಂಡೆ, ಆಫ್ಟರ್ ದ್ಯಾಟ್ ಕೂಗಿದೆ, ಆಫ್ಟರ್ ದ್ಯಾಟ್ ಓಡಿದೆ, ಆಫ್ಟರ್ ದ್ಯಾಟ್ ಬಕೆಟ್ ಹುಡುಕಿದೆ... ಹೀಗೆ ಒಂದೇ ಪುಟದಲ್ಲಿ ಹನ್ನೊಂದು ಆಫ್ಟರ್ ದ್ಯಾಟ್. ಸಾಹೇಬರು ಹನ್ನೊಂದಕ್ಕೂ ಕೆಂಪು ಶಾಯಿಯ ಉಂಗುರ ತೊಡಿಸಿ, ಕ್ಯಾಂಟೀನಿನಲ್ಲಿ ಎಲ್ಲರೆದುರು ಓದಿಬಿಟ್ಟರು. ಅಂದಿನಿಂದ ಎದುರಾದವರೆಲ್ಲ ಗುಡ್ ಮಾರ್ನಿಂಗ್ ಬಿಟ್ಟು “ಮಗ್ ಕಾಯ್ ಝಾಲಂ, ಹೊಳಬಸಪ್ಪಾ?” ಎನ್ನತೊಡಗಿದರು. (ಆಮೇಲೇನಾಯಿತು ಎಂದು ಮರಾಠಿಯಲ್ಲಿ.) ಬೆಂಕಿ ಆರಿತು, ಅವನ ಹೊಟ್ಟೆಯುರಿ ಆರಲಿಲ್ಲ.

ಮರುದಿನವೇ ಒಂದು ಉದ್ದನೆಯ ನೋಟುಬುಕ್ಕು ತಂದ. ಪೇಪರು, ಕೋರ್ಟಿನ ನೋಟೀಸು, ವಿಮೆಯ ಪಾಲಿಸಿಯ ಹಿಂಬದಿಯ ಇರುವೆಯಕ್ಷರ, ಎಲ್ಲ ಜಾಲಾಡಿ, ‘ಆಮೇಲೆ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೇನಿದೆಯೋ ಬರೆದುಕೊಂಡ. ವರ್ಷ ಕಳೆಯುವಷ್ಟರಲ್ಲಿ ಹದಿನೇಳು ಪದ ಜಮೆಯಾದವು. ಕ್ಲಾರ್ಕನಲ್ಲವೆ, ಅವಕ್ಕೆಲ್ಲ ಹುದ್ದೆಯನ್ನೂ ಕೊಟ್ಟ. ‘ದೆನ್’ ಜವಾನ. ‘ಲೇಟರ್’ ಗುಮಾಸ್ತ. ‘ದೇರ್‌ಆಫ್ಟರ್’ ಹೆಡ್‌ಕ್ಲಾರ್ಕು. ‘ಸಬ್ಸಿಕ್ವೆಂಟ್ಲಿ’ ಸಾಕ್ಷಾತ್ ಮ್ಯಾನೇಜರು. ಇನ್ನು ‘ಇನ್ ದಿ ಆಫ್ಟರ್‌ಮ್ಯಾತ್’ ಎಂಬುವರಂತೂ ಮುಂಬಯಿ ಹೆಡ್ಡಾಫೀಸಿನ ಡೈರೆಕ್ಟರು. ಮಹಾಪೂರ ಬಂದರೆ, ಸೇತುವೆ ಕುಸಿದರೆ ಮಾತ್ರ ದಯಮಾಡಿಸುವವರು. ಇಷ್ಟು ದೊಡ್ಡ ಸಿಬ್ಬಂದಿಯನ್ನು ಸಾಕಿಕೊಂಡರೂ ಅವರಿಗೆ ಕೆಲಸ ಕೊಡುವಂಥ ಅನಾಹುತ ಅವನ ಬಾಳಿನಲ್ಲಿ ನಡೆಯಲೊಲ್ಲದು.

ಕೊನೆಗೊಂದು ನಡೆಯಿತು.

ಚನ್ನಬಸವ್ವನ ಅವ್ವ ತೀರಿ ವರ್ಷವಾಗಿತ್ತು. ಗುಳೇದಗುಡ್ಡಕ್ಕೆ ಹೋಗಿ ವರ್ಷದ ಕಾರ್ಯ ಮುಗಿಸಿ ಬರುವಾಗ, ಅವ್ವ ಮಗಳಿಗೆಂದೇ ತೆಗೆದಿಟ್ಟಿದ್ದ ಚಂದ್ರಕಾಳಿ ಸೀರೆಯನ್ನು ಅಣ್ಣ ಕೊಟ್ಟು ಕಳಿಸಿದ್ದ. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನ ತುಂಬ ಅವ್ವ ಕೈಯಾರೆ ಹಾಕಿದ ಕಸೂತಿ ನವಿಲುಗಳು. ಕಣ್ಣಿಗೆ ಪೊರೆ ಬಂದದ್ದರಿಂದ ಕಡೆಯ ನವಿಲಿಗೆ ಕಾಲು ಹಾಕುವುದು ಉಳಿದೇ ಹೋಗಿತ್ತು. ಸೋಮವಾರ ಬೆಳಿಗ್ಗೆ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಪಕ್ಕದ ಸ್ಟೇಶನ್ನಿನಲ್ಲಿ ತಳೇಗಾಂವದ ಲೋಕಲ್ ರೈಲು ಹಿಡಿದು, ಚಿಂಚವಡ ದಾಟುವಾಗ ಚನ್ನಬಸವ್ವ ಕೇಳಿದಳು: “ಚೀಲ ಎಲ್ಲದರೀ?”

ಚೀಲ ಸ್ಟ್ಯಾಂಡಿನ ಬೆಂಚಿನ ಮೇಲಿತ್ತು. ಅಂದರೆ, ಹೊಳಬಸಪ್ಪ ಅಲ್ಲಿ ಇಟ್ಟಿದ್ದ. ಇಬ್ಬರೂ ಹಿಂದಕ್ಕೋಡಿ ಬಂದು ನೋಡಿದರೆ ಬೆಂಚಿನ ಮೇಲೆ ಯಾರೋ ಪುಣ್ಯಾತ್ಮ ಕಾಲು ಚಾಚಿ ಮಲಗಿದ್ದ. ಕಂಟ್ರೋಲರ್ ಖೋಲಿಯ ಗೋಡೆಗೆ ಒಂದು ಬೋರ್ಡಿತ್ತು: ಸಿಕ್ಕ ಸಾಮಾನು ಹದಿನೈದು ದಿನ ಇಲ್ಲಿರುತ್ತದೆ, ಮುಂದೆ ಬೇರೆ ಕಚೇರಿಗೆ ಹೋಗುತ್ತದೆ.

“ಒಳಗ ಹೋಗಿ ಕೇಳ್ರಿ” ಎಂದಳು ಚನ್ನಬಸವ್ವ. ಕಣ್ಣು ಆಗಲೇ ತುಂಬಿದ್ದವು.

“ಅರ್ಜಿ ಇಲ್ಲದ ಹ್ಯಾಂಗ ಕೇಳೂದು?”

“ಬಾಯಿಲೆ ಕೇಳೂದು.”

“ಬಾಯಿಲೆ ಕೇಳಿದ್ದು ಗಾಳಿಗೆ ಹೋಗ್ತದ ಚನ್ನೀ. ಬರದು ಕೊಟ್ಟದ್ದು ಫೈಲಿನ್ಯಾಗ ಇರ್ತದ.”

“ನನಗ ಫೈಲ್ ಬ್ಯಾಡ್ರೀ, ಅವ್ವನ ಸೀರಿ ಬೇಕು!”

ಕೇಳುವವರಾರು? ಅನಾಹುತದ ದುಃಖದ ಅಡಿಯಲ್ಲಿ ಹೊಳಬಸಪ್ಪನಿಗೆ ಒಂದು ಗುಟ್ಟಿನ ಹಿಗ್ಗೂ ಇತ್ತು. (ಪಾಪ, ಇದನ್ನು ಅವನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.) ಹದಿನೇಳು ಮಂದಿಗೂ ಡ್ಯೂಟಿ ಬಂತು!

ಅಂದೇ ಸಂಜೆ ಹೆಂಡತಿಯನ್ನು ಎದುರು ಕೂರಿಸಿಕೊಂಡ. “ಘಟನಾವಳಿ ಕ್ರಮವಾಗಿ ಹೇಳು.”

“ಬಸ್ಸಿನಿಂದ ಇಳದ್ವಿ. ಆಮ್ಯಾಲೆ ನೀವು ಚಹಾ ಕುಡದ್ರಿ. ಆಮ್ಯಾಲೆ ಇನ್ನೊಂದ್ ಚಹಾ ಕುಡದ್ರಿ. ಆಮ್ಯಾಲೆ ಯಾರದೋ ಪೇಪರ್ ಇಸಕೊಂಡು ಓದಿದ್ರಿ. ಆಮ್ಯಾಲೆ ಗಾಡಿ ಬಂತು ಅಂತ ಓಡಿದ್ರಿ.”

“ಎಷ್ಟ್ ಸಲ ಆಮ್ಯಾಲೆ ಅಂತೀ?”

“ಒಂದರ ಆಮ್ಯಾಲೆ ಒಂದು ಆತಲ್ರೀ, ಮತ್ತೇನನ್ಲಿ?”

ಹೊಳಬಸಪ್ಪ ಕನಿಕರದಿಂದ ನಕ್ಕು ಕೆಲಸಕ್ಕೆ ಕೂತ. ಮೊದಲ ಚಹಾಕ್ಕೆ ‘ದೇರ್‌ಆಫ್ಟರ್’ ಹಾಕಿದ. ಎರಡನೆಯ ಚಹಾಕ್ಕೆ ‘ಸಬ್ಸಿಕ್ವೆಂಟ್ಲಿ’ ಹಾಕಿ, ಒಂದು ಕಪ್ ಚಹಾಕ್ಕೆ ಮ್ಯಾನೇಜರೇಕೆ ಎಂದು ಹೊಡೆದುಹಾಕಿದ; ಆಮೇಲೆ ಆ ಚಹಾವನ್ನೇ ಹೊಡೆದುಹಾಕಿದ. ಮೊದಲ ಕರಡು ಮಂಗಳವಾರ ಮುಗಿಯಿತು. ಎರಡನೆಯದು ಗುರುವಾರ. ಮನೆಗೆ ಬಂದರೆ ಕಾಲು ತೊಳೆಯುವುದಕ್ಕೂ ಪುರುಸೊತ್ತಿಲ್ಲ.

ಬುಧವಾರ ಸಂಜೆ ಚನ್ನಬಸವ್ವ ಹತ್ತಿರ ಬಂದು “ಏನ್ರೀ, ಒಂದ್ ಮಾತ ಹೇಳೂದಿತ್ತು” ಎಂದಳು. ಹೊಳಬಸಪ್ಪ ಪೆನ್ನಿದ್ದ ಕೈಯನ್ನೇ ಎತ್ತಿ ತಡೆದ. ಗುರುವಾರವೂ ಬಂದಳು, ಕೈ ಎದ್ದಿತು. ಶನಿವಾರವೂ ಬಂದಳು, ಅದೇ ಕೈ.

ಭಾನುವಾರ ಮಧ್ಯಾಹ್ನ ಅಂತಿಮ ಪ್ರತಿ ಸಿದ್ಧವಾಗುತ್ತಿತ್ತು. ಚನ್ನಬಸವ್ವ ಚಹಾ ತಂದು ಎದುರಿಗೆ ನಿಂತಳು.

“ಸೀರಿ ಬಣ್ಣ ಯಾವುದಿತ್ತು?” ತಲೆಯೆತ್ತದೆ ಕೇಳಿದ.

“ಇಂಥಾದ ರೀ.”

“ಇಂಥಾದು ಅಂದ್ರ ಅರ್ಜಿಯೊಳಗ ನಡಿಯೂದಿಲ್ಲ. ಬಣ್ಣ ಹೇಳು.”

“ಕರೇದು. ಕೆಂಪ ಸೆರಗು.”

“ವಿಶೇಷ ಗುರುತು?”

ಚನ್ನಬಸವ್ವ ಸೆರಗಿನ ಅಂಚು ಸವರಿದಳು. “ಕಡೀ ನವಿಲಿಗೆ ಕಾಲಿಲ್ರಿ. ಅವ್ವಗ ಕಣ್ಣ ಕಾಣಲಿಲ್ಲ.” ಹೊಳಬಸಪ್ಪ ಅದನ್ನೂ ಬರೆದುಕೊಂಡ. ಅಲ್ಲಿಗೆ ಡೈರೆಕ್ಟರು ಖಾಲಿ ಕೂತದ್ದು ನೆನಪಾಗಿ, ಹೆಂಡತಿಯ ಅಳುವನ್ನು ‘ಇನ್ ದಿ ಆಫ್ಟರ್‌ಮ್ಯಾತ್’ ಎಂದು ಆರಂಭಿಸಿ ವರ್ಣಿಸಿದ. ಬರೆಯುತ್ತ ಅವನ ಕಣ್ಣೂ ಒದ್ದೆಯಾದವು ಎನ್ನುವುದು ಸುಳ್ಳಲ್ಲ.

ಸೋಮವಾರ ಅರ್ಧ ದಿನದ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಶಿವಾಜಿನಗರಕ್ಕೆ ಹೋದ. ಖೋಲಿಯಲ್ಲಿ ಭುಜಂಗ ಎಂಬ ದಪ್ಪ ಮೀಸೆಯ ಕಾರಕೂನ ಕೂತಿದ್ದ. ನಾಲ್ಕು ಪುಟದ ಅರ್ಜಿಯನ್ನು ತಿರುವಿ, ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡಿದ. ಹದಿನೇಳು ಮಂದಿಯಲ್ಲಿ ಒಬ್ಬರಿಗೂ ಅವನು ಎದ್ದು ನಿಲ್ಲಲಿಲ್ಲ. ಕಡೆಗೆ, ಏನು ಕಳೆದಿದೆ, ಬಾಯಲ್ಲೇ ಹೇಳಿ ಎಂದು ಮರಾಠಿಯಲ್ಲಿ ಬೇಡಿಕೊಂಡ.

“ಚೀಲ. ಸೀರೆ. ಕಾಲಿಲ್ಲದ ನವಿಲು” ಎಂದ ಹೊಳಬಸಪ್ಪ, ಮೂರೇ ಮಾತಿನಲ್ಲಿ, ಮುರುಕು ಮರಾಠಿಯಲ್ಲಿ.

ಭುಜಂಗನ ಮುಖ ಅರಳಿತು. “ವಹಿನೀ ಬುಧವಾರೀಚ ಘೇಊನ ಗೇಲ್ಯಾ!”

ಅತ್ತಿಗೆಯವರು ಬುಧವಾರವೇ ಒಯ್ದರಂತೆ! ಪಕ್ಕದ ಮನೆಯ ರಂಗೂಬಾಯಿಯನ್ನು ಕರೆದುಕೊಂಡು ಬಂದು, ನವಿಲಿನ ಕಾಲಿನ ಕಥೆ ಹೇಳಿ, ಐದು ನಿಮಿಷದಲ್ಲಿ ಸೀರೆ ಒಯ್ದರಂತೆ. ರಿಜಿಸ್ಟರಿನಲ್ಲಿ ಗುಂಡಗೆ ಕನ್ನಡದಲ್ಲಿ ಸಹಿ ಇತ್ತು: ಚನ್ನಬಸವ್ವ. ಹೋಗುವಾಗ ಕೊಟ್ಟ ಶೇಂಗಾ ಚಟ್ನಿ ಮುಗಿದಿದೆ, ಇನ್ನಷ್ಟು ಕಳಿಸಲು ಹೇಳಿ ಎಂದು ಭುಜಂಗ ಖಾಲಿ ಡಬ್ಬಿಯನ್ನು ಅವನ ಕೈಗಿತ್ತ. ಹೊಳಬಸಪ್ಪ ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಡಬ್ಬಿ ಹಿಡಿದು ಲೋಕಲ್ ಹತ್ತಿದ. ಈ ಸಲ ಮಾತ್ರ ಎರಡನ್ನೂ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಮನೆಯಲ್ಲಿ ಚನ್ನಬಸವ್ವ ಒಗೆದ ಚಂದ್ರಕಾಳಿ ಸೀರೆಯನ್ನು ಹಗ್ಗದ ಮೇಲೆ ಹರವುತ್ತಿದ್ದಳು.

“ಇದನ್ನ ನಿನ್ನೆ ಉಟ್ಟಿದ್ದೇನು?”

“ನಿಮ್ಮ ಮುಂದ ನಿಂತೇ ಬಣ್ಣ ಹೇಳಿದೆನಲ್ರಿ.”

“ಸಿಕ್ಕದ ಅಂತ ಯಾಕ ಹೇಳಲಿಲ್ಲ?”

“ಮೂರ್ ಸಲ ಬಂದೆ. ಮೂರ್ ಸಲಾನೂ ಕೈ ಎತ್ತಿ ‘ಆಮ್ಯಾಲೆ’ ಅಂದ್ರಿ.” ಅವಳು ಸೀರೆಯ ಅಂಚು ಕೊಡವಿದಳು. “ಇಂಗ್ಲಿಷಿನ್ಯಾಗರ ಅಂದಿದ್ರ ನನಗ ತಿಳೀತಿರಲಿಲ್ಲ, ಹೇಳೇ ಬಿಡತಿದ್ದೆ.”

ಆ ಅರ್ಜಿ ಇವತ್ತಿಗೂ ಆ ಸೀರೆಯ ಮಡಿಕೆಯಲ್ಲಿದೆ. ಅಂದೇ ಸಂಜೆ ಅದನ್ನು ಗಂಡನಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡು, ಅವ್ವನ ನವಿಲು ಬಂದಲ್ಲಿ ಅತ್ತು, ಉಳಿದಲ್ಲೆಲ್ಲ ನಕ್ಕು, ಚನ್ನಬಸವ್ವ ತಾನೇ ಅಲ್ಲಿಟ್ಟಳು. ಮೊನ್ನೆ ಮಗರಪಟ್ಟಾದಲ್ಲಿ ನೆಂಟರ ಮದುವೆ. ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಹೊಳಬಸಪ್ಪ ಮೂರನೆಯ ಸಲ ಕೂಗಿದ: “ಚನ್ನೀ, ಲಗೂನ ಬಾರ!” ಮೇಲೆ ಕನ್ನಡಿಯ ಮುಂದೆ ಅವ್ವನ ಸೀರೆಯ ನೆರಿಗೆ ಹಿಡಿಯುತ್ತಿದ್ದವಳು ಕಿಟಕಿಯಿಂದ ಉತ್ತರಿಸಿದಳು:

“ಸಬ್ಸಿಕ್ವೆಂಟ್ಲಿ ಬರ್ತೀನ್ರೀ!”

ಸಾಕ್ಷಾತ್ ಮ್ಯಾನೇಜರೇ ಹೇಳಿದ ಮೇಲೆ ಕ್ಲಾರ್ಕ್ ಏನು ಮಾಡಬೇಕು? ಹೊಳಬಸಪ್ಪ ರಿಕ್ಷಾದಲ್ಲಿ ಕೂತು ಕಾದ.